ಜೋಳಿಗೆ ಹಿಡಿದು ಬಳ್ಳಾರಿಗೆ

ಆಂಧ್ರದಲ್ಲಿ ಯಾರಾದರೂ ನಾಲ್ಕು ಜನರನ್ನು ಕಟ್ಟಿಕೊಂಡು ಊರಿಂದೂರಿಗೆ ನಡೆದು ಹೊರಟರೆ ಜನ ಮೊದಲು ಕೇಳುವುದು ‘ಯಾವ ಪಾರ್ಟಿ?’ ಅಂತ. ಕೇಳುವವರದೇನೂ ತಪ್ಪಿಲ್ಲ. 2003ರ ಬೇಸಿಗೆಯಲ್ಲಿ ರಾಜಶೇಖರ ರೆಡ್ಡಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ನಡೆದರು, ಮರುವರ್ಷ ಮುಖ್ಯಮಂತ್ರಿಯಾದರು. 2012ರ ಗಾಂಧಿ ಜಯಂತಿಯ ದಿನ ಚಂದ್ರಬಾಬು ನಾಯ್ಡು ನಮ್ಮ ಹಿಂದೂಪುರದಿಂದಲೇ ಹೆಜ್ಜೆ ಹಾಕಿದರು, 2014ರಲ್ಲಿ ಗೆದ್ದರು. ಜಗನ್ 2017ರ ನವೆಂಬರಿನಿಂದ 2019ರ ಜನವರಿಯವರೆಗೆ 3,648 ಕಿ.ಮೀ. ನಡೆದರು, ಅದೇ ಮೇ ತಿಂಗಳಲ್ಲಿ ಅವರೂ ಗೆದ್ದರು. ಗಡಿಯಾಚೆ ನೋಡಿದರೆ ಸಿದ್ದರಾಮಯ್ಯನವರು 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ನಡೆದದ್ದು ಇನ್ನೂ ಎಲ್ಲರ ನೆನಪಿನಲ್ಲಿದೆ. ಹಾಗಾಗಿ 2019ರ ಶ್ರಾವಣದಲ್ಲಿ ನಾನು ಸೀರೆಯ ಕೆಳಗೆ ಬೂಟು ಹಾಕಿಕೊಂಡು ಬೆಳಗಿನ ಜಾವ ರಾಯದುರ್ಗದ ಬೀದಿಗಳಲ್ಲಿ ಬಿರಬಿರನೆ ನಡೆಯಲು ಶುರುಮಾಡಿದಾಗ ಹಾಲಿನಂಗಡಿಯವನು ಗಂಭೀರವಾಗಿಯೇ ಕೇಳಿದ: ‘ಮೇಡಂ, ವಾರ್ಡಿಗೆ ನಿಲ್ತೀರೇನ್ರಿ?’

ಇಲ್ಲಪ್ಪ, ಸುಮ್ಮನೆ ಬಳ್ಳಾರಿಗೆ ನಡೆದುಹೋಗಬೇಕಿದೆ, ಅದಕ್ಕೆ ಅಭ್ಯಾಸ ಅಂದೆ. ಅವನು ಇನ್ನೂ ಗಾಬರಿಯಾದ. ದಿನಕ್ಕೆ ಅಷ್ಟೊಂದು ಬಸ್ಸು, ಮೇಲೊಂದು ರೈಲು ಇರುವ ಊರಿಗೆ ಯಾರಾದರೂ ನಡೆದುಹೋಗುತ್ತಾರೆಯೇ!

ನಾನು ಹುಟ್ಟಿದ್ದು ಮಡಕಶಿರಾದ ಅಗಳಿ ಕಡೆ, ಸೇರಿದ್ದು ರಾಯದುರ್ಗಕ್ಕೆ. ಎರಡೂ ಕಡೆ ಮನೆಮಾತು ಕನ್ನಡ, ಆಗ ಎರಡೂ ಅನಂತಪುರ ಜಿಲ್ಲೆಯವೇ. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದದ್ದು 2022ರ ಏಪ್ರಿಲ್‌ನಲ್ಲಿ. ಆದರೆ ಒಂದು ಜಿಲ್ಲೆಯ ಈ ಮೂಲೆ, ಇನ್ನೊಂದು ಆ ಮೂಲೆ. ತವರಿಗೆ ಹೊರಟರೆ ಕಲ್ಯಾಣದುರ್ಗ ದಾಟಿ, ಕರ್ನಾಟಕದ ಪಾವಗಡ ಹಾದು, ಮತ್ತೆ ಆಂಧ್ರದೊಳಗೆ ಬರಬೇಕು. ತುಮಕೂರು–ರಾಯದುರ್ಗ ರೈಲು ಮಾರ್ಗ ಮುಗಿದರೆ ಮಡಕಶಿರಾದಲ್ಲಿ ಹತ್ತಿ ಗಂಡನ ಮನೆಯ ಹತ್ತಿರ ಇಳಿಯಬಹುದು ಎನ್ನುವ ಮಾತನ್ನು ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ತವರಿನಲ್ಲಿ ಅಡಕೆ ತೋಟ, ರಾಗಿ ಮುದ್ದೆ. ಇಲ್ಲಿ ಜೋಳದ ರೊಟ್ಟಿ, ಸೇಂಗಾದ ಹೊಲ, ಮತ್ತೆ ಗಲ್ಲಿಗಲ್ಲಿಯಲ್ಲಿ ಜೀನ್ಸ್ ಹೊಲಿಯುವ ಮೆಷಿನ್ನುಗಳ ಸದ್ದು.

ರಾಯದುರ್ಗದವರಿಗೆ ಬಳ್ಳಾರಿ ಇವತ್ತಿಗೂ ತಮ್ಮೂರೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಕಾಗದದ ಮೇಲೆ ಹೋದದ್ದಷ್ಟೇ. ಮದುವೆ ಜವಳಿಗೆ, ದೊಡ್ಡ ಡಾಕ್ಟರಿಗೆ, ಹೊಸ ಸಿನಿಮಾಕ್ಕೆ ಇಲ್ಲಿಯವರು ಹೋಗುವುದು ಅಲ್ಲಿಗೇ. ನಡಿಗೆಗೆ ನಾವು ಆ ದಾರಿಯನ್ನೇ ಆರಿಸಿಕೊಂಡದ್ದಕ್ಕೂ ಇದೇ ಕಾರಣ. ನಮ್ಮ ರೋಗಿಗಳು ಹೋಗುವ ದಾರಿ ಅದು.

ರೋಗಿ ಅಂದೆನಲ್ಲ, ಎಲ್ಲ ಶುರುವಾದದ್ದು ನಮ್ಮ ಶಾಲೆಯ ಅಡುಗೆ ಅಕ್ಕನಿಂದ. ನಾನು ಡಿ. ಹಿರೇಹಾಳು ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಮಧ್ಯಾಹ್ನದ ಅಡುಗೆ ಮಾಡಿ ಬಡಿಸುತ್ತಿದ್ದ ಅಕ್ಕನಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಯಿತು. ಬಳ್ಳಾರಿಯಲ್ಲಿ ನೋಡಿ, ಬೆಂಗಳೂರಿನ ಕಿದ್ವಾಯಿಗೆ ಬರೆದುಕೊಟ್ಟರು. 1973ರಿಂದ ಬಡವರಿಗೆ ಕಿದ್ವಾಯಿಯೇ ದಿಕ್ಕು, ಅಲ್ಲಿ ಚಿಕಿತ್ಸೆಗೆ ಹೇಗೋ ದಾರಿಯಾಗುತ್ತದೆ ಎಂದು ನಾವೆಲ್ಲ ಧೈರ್ಯ ಹೇಳಿದೆವು. ಅಕ್ಕ ಹೇಳಿದ ಒಂದು ಮಾತಿಗೆ ಸ್ಟಾಫ್ ರೂಮಿನಲ್ಲಿ ಉತ್ತರವಿರಲಿಲ್ಲ: ‘ಔಷಧಕ್ಕ ರೊಕ್ಕ ಬ್ಯಾಡಂತ್ರೀ ಮೇಡಂ. ಅಲ್ಲಿ ಇರಾಕ?’

ಲೆಕ್ಕ ಹಾಕಿ ನೋಡಿದೆವು. ರೇಡಿಯೋಥೆರಪಿ ಎಂದರೆ ಒಂದು ದಿನ ಹೋಗಿ ಬರುವ ಕೆಲಸವಲ್ಲ. ವಾರಕ್ಕೆ ಐದು ದಿನ, ಹೀಗೆ ಐದಾರು ವಾರ. ಪ್ರತಿದಿನ ಮೆಷಿನ್ನಿನ ಕೆಳಗೆ ಮಲಗುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಬೆಂಗಳೂರಿನಲ್ಲಿ ಎಲ್ಲಾದರೂ ಇರಬೇಕು, ಏನಾದರೂ ತಿನ್ನಬೇಕು, ಜೊತೆಗೆ ಒಬ್ಬರು ಬೇಕು. ಆ ಒಬ್ಬರ ಕೂಲಿಯೂ ಹೋಯಿತು. ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಅದೃಷ್ಟ. ಅಡುಗೆಯವರಿಗೆ ಆಗ ತಿಂಗಳಿಗೆ ಸಿಗುತ್ತಿದ್ದ ಗೌರವಧನ 1,000 ರೂಪಾಯಿ, ಆ ವರ್ಷವಷ್ಟೇ 3,000ಕ್ಕೆ ಏರಿತು. ನಾವು ಶಿಕ್ಷಕರು ಕೈಲಾದಷ್ಟು ಹಾಕಿ ಅಕ್ಕನನ್ನು ಕಳಿಸಿದೆವು. ಕಳಿಸಿದ ಮೇಲೆ ಗೊತ್ತಾಯಿತು, ಸುತ್ತಮುತ್ತಲ ಹಳ್ಳಿಗಳಲ್ಲಿ ಇಂಥವರು ಇನ್ನೂ ಇದ್ದಾರೆ, ನಡುವೆಯೇ ಚಿಕಿತ್ಸೆ ಬಿಟ್ಟು ಬಂದವರೂ ಇದ್ದಾರೆ ಎಂದು. ಕಾಯಿಲೆಗೆ ಹೆದರಿ ಬಂದವರಲ್ಲ ಅವರು, ಲಾಡ್ಜಿನ ಬಾಡಿಗೆಗೆ ಹೆದರಿ ಬಂದವರು.

ನಡಿಗೆಯ ಹುಳ ಬಿಟ್ಟವನು ನನ್ನ ತಮ್ಮ. ಅವನು ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ. ಆಕ್ಸ್‌ಫ್ಯಾಮ್‌ನವರ ಟ್ರೇಲ್‌ವಾಕರ್ ಎನ್ನುವ ನಡಿಗೆ ನಮ್ಮ ದೇಶಕ್ಕೆ ಬಂದದ್ದು 2012ರಲ್ಲಿ. ನಾಲ್ಕು ಜನರ ತಂಡ, 100 ಕಿ.ಮೀ., 48 ಗಂಟೆಯೊಳಗೆ ಮುಗಿಸಬೇಕು, ತಂಡದವರು ಪರಿಚಯದವರಿಂದ ದೇಣಿಗೆ ಎತ್ತಬೇಕು. ಅದರ ಹುಟ್ಟು 1981ರಲ್ಲಿ, ಹಾಂಗ್‌ಕಾಂಗಿನಲ್ಲಿದ್ದ ಗೂರ್ಖಾ ಸಿಪಾಯಿಗಳ ಕಸರತ್ತಾಗಿ. ಐದು ವರ್ಷದ ಮೇಲೆ ಸಾರ್ವಜನಿಕರಿಗೂ ಬಾಗಿಲು ತೆರೆಯಿತು. ತಮ್ಮ ಒಮ್ಮೆ ಅದರಲ್ಲಿ ನಡೆದು ಉಗುರು ಕಳೆದುಕೊಂಡು ಬಂದಿದ್ದ. ‘ಅಕ್ಕಾ, ನೀವೂ ಹಂಗೇ ಏನಾದ್ರೂ ಮಾಡಿ, ರಾಯದುರ್ಗದಿಂದ ಬಳ್ಳಾರಿ ಐವತ್ತು ಚಿಲ್ಲರೆ ಕಿಲೋಮೀಟರ್ ಅಲ್ವಾ’ ಅಂದ. ಹೇಳಿ ಸುಮ್ಮನಾಗದೆ ಅಭ್ಯಾಸದ ಒಂದು ಪಟ್ಟಿಯನ್ನೂ ಕಳಿಸಿದ. ಸೋಮವಾರ ಇಷ್ಟು, ಮಂಗಳವಾರ ಇಷ್ಟು, ವಾರದ ಒಟ್ಟು ದೂರ ಹಿಂದಿನ ವಾರಕ್ಕಿಂತ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚು, ಶುಕ್ರವಾರ ಪೂರ್ತಿ ವಿಶ್ರಾಂತಿ.

ಪಟ್ಟಿಯನ್ನು ಅತ್ತೆಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

‘ನಡ್ಯಾಕೂ ಪ್ರಾಕ್ಟೀಸು ಬೇಕೇನಬೇ? ನಾನು ಹೊಲಕ್ಕ ದಿನಾ ಹೋಗಿ ಬಂದೀನಿ, ಯಾರೂ ಒಂದು ಪೈಸಾ ಕೊಡ್ಲಿಲ್ಲ.’

‘ಶುಕ್ರವಾರ ವಿಶ್ರಾಂತಿ ಅಂತ ಬರೆದಾನ ಅತ್ತೆ.’

‘ಹೌದಾ? ಶುಕ್ರವಾರ ಮನಿ ತೊಳಿಯೋದು ಯಾರಂತ ಬರೆದಾನು?’

ಆ ಪಟ್ಟಿ ಬರೆದವರಿಗೆ ಮನೆಯೊಂದು ಇದ್ದಿರಲಾರದು ಎಂದು ನನಗೂ ಅನ್ನಿಸಿತು. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವವೇ. ನೀರು ಬಂದ ದಿನ ನಡಿಗೆ ಇಲ್ಲ, ಕೊಡ ಡ್ರಮ್ಮುಗಳ ನಡುವೆಯೇ ಓಡಾಟ. ಮಗ ಹತ್ತನೇ ಕ್ಲಾಸು, ಮಗಳು ಆರನೆಯದು. ಇಬ್ಬರ ಡಬ್ಬಿ, ನನ್ನದೊಂದು ಡಬ್ಬಿ, ಯಜಮಾನರಿಗೆ ಎಂಟರೊಳಗೆ ತಿಂಡಿ. ಬಸ್ಸು ತಪ್ಪಿದರೆ ಶಾಲೆಯಲ್ಲಿ ಹೆಬ್ಬೆಟ್ಟಿನ ಹಾಜರಿಗೆ ತಡ. ಕೊನೆಗೆ ತಮ್ಮನ ಪಟ್ಟಿ ಗೋಡೆಗೆ ಹೋಯಿತು, ನನ್ನ ಪಟ್ಟಿ ನಾನು ಮಾಡಿಕೊಂಡೆ. ನೀರಿಲ್ಲದ ದಿನ ಬೆಳಿಗ್ಗೆ ಕೋಟೆ ಬೆಟ್ಟದ ಬುಡದವರೆಗೆ. ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ಶಾಲೆಗೆ ನಡಿಗೆ. ಸಂಜೆ ತರಕಾರಿಗೆ ಆಟೋ ಇಲ್ಲ. ಭಾನುವಾರ ಬಟ್ಟೆ ಒಗೆದ ಮೇಲೆ ಎಷ್ಟು ಹೊತ್ತು ಸಿಕ್ಕರೆ ಅಷ್ಟು ದೂರ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಡಾಕ್ಟರು ಲೆಕ್ಕ ಹಾಕಿ ಹೇಳಿದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು. ಅದನ್ನು ಓದಿದ ಮೇಲೆ ಎಣಿಸುವುದು ಬಿಟ್ಟೆ.

ಶಾಲೆಯಲ್ಲಿ ಒಂಬತ್ತನೆಯವರಿಗೆ ಹೇಳಿದೆ, ಗಾಂಧೀಜಿ ದಂಡಿಗೆ ನಡೆದದ್ದನ್ನು ಲೆಕ್ಕ ಹಾಕಿ ನೋಡಿ ಎಂದು. 1930ರ ಮಾರ್ಚ್ 12ರಿಂದ 24 ದಿನ, ಸುಮಾರು 385 ಕಿ.ಮೀ. ದಿನಕ್ಕೆ ಹದಿನಾರು ಬಂತು. ಸೋಮವಾರಗಳಂದು ಅವರು ನಡೆಯುತ್ತಿರಲಿಲ್ಲ ಎಂದು ಒಬ್ಬ ಹುಡುಗ ತಿದ್ದಿದ. ಆಗ ಗಾಂಧೀಜಿಗೆ ಅರವತ್ತು. ಜೊತೆಗೆ ಹೊರಟ 78 ಜನರಲ್ಲಿ ಕನ್ನಡನಾಡಿನವರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ‘ಮೇಡಂ, ಅವರಿಗೆ ವಾರಕ್ಕೊಂದು ರಜಾ ಇತ್ತು, ನಿಮಗಿಲ್ಲ’ ಎಂದು ಮಕ್ಕಳು ತೀರ್ಪು ಕೊಟ್ಟರು. ಅತ್ತೆಗೆ ಈ ಸೋಮವಾರದ ವಿಷಯ ಹೇಳಿದೆ. ‘ಗಾಂಧಿ ಮನ್ಯಾಗ ಕಸ್ತೂರಬಾ ಇದ್ಲು’ ಅಂದರು.

ನಕ್ಕರೂ ನನಗೆ ನಡಿಗೆ ಕಲಿಸಿದವರು ಅವರೇ. ಶ್ರಾವಣದಲ್ಲಿ ನಮ್ಮ ಕಡೆ ಆಂಜನೇಯನಿಗೆ ನಡೆದುಹೋಗುವ ರೂಢಿ ಇದೆ. ಕಸಾಪುರ, ನೇಮಕಲ್ಲು, ಮುರಡಿ, ಮೂರೂ ವ್ಯಾಸರಾಯರು ಪ್ರತಿಷ್ಠಾಪಿಸಿದ್ದು ಎಂದು ನಂಬಿಕೆ. ಶ್ರಾವಣದ ಒಂದೇ ದಿನ ಮೂರೂ ಕಡೆ ದರ್ಶನ ಮಾಡಿದರೆ ಒಳ್ಳೆಯದೆಂದು ಗಾಡಿ ಮಾಡಿಕೊಂಡು ಹೋಗುವವರೂ ಇದ್ದಾರೆ. ಅತ್ತೆ ಮುರಡಿಗೆ ಬರಿಗಾಲಲ್ಲಿ ಹೋಗಿ ಬಂದವರು. ಅವರ ಜೊತೆ ಒಂದು ರಾತ್ರಿ ನಾನೂ ಹೊರಟೆ. ಅಂಗಾಲಿಗೆ ಹರಳೆಣ್ಣೆ ಸವರಿಸಿದರು. ಹೊಟ್ಟೆ ತುಂಬ ಉಣ್ಣಬಾರದು, ಅರೆಹೊಟ್ಟೆ ಇರಲಿ ಅಂದರು. ಕುಳಿತರೆ ಮೊಣಕಾಲು ಹಿಡಿಯುತ್ತದೆ, ನಿಂತೇ ದಣಿವಾರಿಸಿಕೋ ಅಂದರು. ಮಾತಾಡಿಕೊಂಡು ನಡೆಯುವಷ್ಟು ಉಸಿರು ಉಳಿದಿದ್ದರೆ ಸರಿಯಾದ ವೇಗ, ಇಲ್ಲದಿದ್ದರೆ ಅವಸರ. ತಮ್ಮನ ಇಂಗ್ಲಿಷ್ ಪಟ್ಟಿಯ ಕೆಳಗೂ ಸಣ್ಣಕ್ಷರದಲ್ಲಿ ಇದೇ ಮಾತಿತ್ತು. ಬರಿಗಾಲಿನ ಮಾತೊಂದನ್ನು ಮಾತ್ರ ನಾನು ಕೇಳಲಿಲ್ಲ. ಕಾಲ್ಚೀಲ ಒದ್ದೆಯಾದ ತಕ್ಷಣ ಬದಲಿಸಬೇಕು, ಗುಳ್ಳೆ ಏಳುವುದು ದೂರದಿಂದಲ್ಲ, ಒದ್ದೆಯಿಂದ ಎಂದು ತಮ್ಮ ಹೇಳಿದ್ದು ನಿಜವಾಯಿತು.

ಇಷ್ಟೂ ಕಾಲಿನ ಮಾತು. ಕೈಯ ಮಾತು ಇನ್ನೂ ಬಾಕಿಯಿತ್ತು.

ನಡೆದರೆ ಸಾಲದು, ನಡೆಯುತ್ತ ಕೇಳಬೇಕು. ಬೆಂಗಳೂರಿನಲ್ಲಾದರೆ ಮೊಬೈಲಿನಲ್ಲಿ ಲಿಂಕ್ ಕಳಿಸಿ ಸುಮ್ಮನಾಗಬಹುದು, ಕೇಳಿದವರ ಮುಖ ಕೊಟ್ಟವರಿಗೆ ಕಾಣುವುದಿಲ್ಲ. ನಮ್ಮಲ್ಲಿ ಅಂಗಡಿಯ ಮೆಟ್ಟಿಲು ಹತ್ತಬೇಕು. ಯಜಮಾನರಿಗೆ ಈ ಭಾಗ ಕಿಂಚಿತ್ತೂ ಹಿಡಿಸಲಿಲ್ಲ. ಅವರದು ನಾಲ್ಕಾರು ಮೆಷಿನ್ನಿನ ಸಣ್ಣ ಯೂನಿಟ್ಟು. ಕತ್ತರಿಸಿದ ಜೀನ್ಸ್ ಬಟ್ಟೆ ಹೊರಗಿಂದ ಬರುತ್ತದೆ, ಹೊಲಿದು ಪೀಸಿಗಿಷ್ಟು ಎಂದು ವಾಪಸ್ ಕೊಡುವುದು. ದಾರ, ಜಿಪ್ಪು ಎಲ್ಲ ಸಾಲದಲ್ಲೇ ತರುವ ವ್ಯವಹಾರ. ‘ನನಗೆ ಸಾಲ ಕೊಟ್ಟೋರ ಅಂಗಡಿ ಮುಂದ ನೀನು ಜೋಳಿಗಿ ಹಿಡ್ಕೊಂಡು ನಿಂತ್ರ ಅವರು ಏನ್ ತಿಳ್ಕೊಂತಾರ? ಇವನ ಯೂನಿಟ್ ಮುಳುಗ್ತು ಅಂತಾರ. ನಾಳಿಂದ ದಾರ ಕೊಡಂಗಿಲ್ಲ.’ ಇದು ಬರೀ ಮಾನದ ಪ್ರಶ್ನೆಯಾಗಿದ್ದರೆ ಜಗಳವಾಡುತ್ತಿದ್ದೆ. ಅವರು ಹೇಳಿದ್ದು ವ್ಯಾಪಾರದ ಸತ್ಯ. ನನ್ನ ಒಳಗೂ ಅದೇ ಅಳುಕಿತ್ತು. ಪಗಾರ ತರುವ ಟೀಚರು ನಾನು, ನಾಲ್ಕು ಜನರ ಮುಂದೆ ಕೈ ಚಾಚುವುದೆಂದರೆ ಗಂಟಲು ಒಣಗುತ್ತಿತ್ತು. ಶಾಲೆಯ ನಾಲ್ವರು ಟೀಚರುಗಳೂ ನಡೆಯಲು ಸೈ ಅಂದರು, ಕೇಳಲು ನೀವೇ ಮುಂದಿರಿ ಎಂದು ನನ್ನ ಹಿಂದೆ ಸರಿದರು.

ದಸರಾ ರಜೆಗೆ ತವರಿಗೆ ಹೋದೆ. ಅಭ್ಯಾಸ ತಪ್ಪಬಾರದೆಂದು ಅಪ್ಪನನ್ನು ಜೊತೆ ಮಾಡಿಕೊಂಡು ಅಮರಾಪುರದಿಂದ ಹೇಮಾವತಿಗೆ ನಡೆದೆ. ಎಪ್ಪತ್ತು ದಾಟಿದ ಅಪ್ಪ ನನಗಿಂತ ಮುಂದಿದ್ದರು. ಹೇಮಾವತಿ ಎಂದರೆ ಹೆಂಜೇರು, ನೊಳಂಬರ ರಾಜಧಾನಿ. ದೊಡ್ಡೇಶ್ವರನ ಗುಡಿ, ಅದರ ನಯವಾದ ಕರಿಕಲ್ಲಿನ ಜಾಲಂಧ್ರ, ಹೊರಗೆ ಬೆಟ್ಟದಂಥ ನಂದಿ, ಆಚೆಗೆ ಮನುಷ್ಯರೂಪದಲ್ಲಿ ಕುಳಿತಿರುವ ಸಿದ್ಧೇಶ್ವರ. ಲಿಂಗವಿಲ್ಲದ ಶಿವನನ್ನು ನೋಡಲು ಶಿವರಾತ್ರಿಗೆ ಕರ್ನಾಟಕದಿಂದಲೂ ಜನ ಬಂದು ತುಂಬುತ್ತಾರೆ. ನೊಳಂಬರನ್ನು ಗೆದ್ದ ಚೋಳರು ಇಲ್ಲಿಯ ಚೆಂದದ ಕಂಬಗಳನ್ನು ತಮಿಳುನಾಡಿಗೆ ಹೊತ್ತೊಯ್ದರು. ಇಂಥ ಕಲ್ಲುಗಳು ಮದರಾಸಿನ ಮ್ಯೂಸಿಯಂನಲ್ಲೂ ಇವೆ. ನಮ್ಮ ಕಡೆಯ ಮಕ್ಕಳಿಗೆ ನೊಳಂಬರ ಹೆಸರು ಪಾಠದಲ್ಲಿ ಒಂದು ಸಾಲು ಬಂದರೆ ಹೆಚ್ಚು. ಇದು ಸಮಾಜ ಟೀಚರಿನ ಗೊಣಗಾಟ, ಇರಲಿ.

ಗುಡಿಯ ಜಗಲಿಯ ಮೇಲೆ ಕುಳಿತು ಮೊಸರನ್ನ ತಿನ್ನುವಾಗ ಜೋಳಿಗೆಯ ಸಂಕಟ ಹೇಳಿಕೊಂಡೆ. ಅಪ್ಪ ಹೈಸ್ಕೂಲು ಓದಿದ್ದು ಸಿದ್ಧಗಂಗೆಯಲ್ಲಿ. ಅರವತ್ತರ ದಶಕದಲ್ಲಿ ನಮ್ಮ ಗಡಿಯ ಹಳ್ಳಿಗಳಿಂದ ತುಮಕೂರಿಗೆ ಹೋಗಿ ಮಠದಲ್ಲಿ ಉಂಡು ಓದಿದ ಹುಡುಗರು ಎಷ್ಟೋ. ಆ ವರ್ಷ ಜನವರಿ 21ಕ್ಕೆ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಅಪ್ಪ ಎರಡು ದಿನ ಊಟ ಮಾಡಿರಲಿಲ್ಲ.

‘ನಾವು ಉಂಡಿದ್ದು ಯಾರ ರಾಗಿ ಅಂದ್ಕೊಂಡಿದ್ದೀಯ ಮಗಾ? ಸ್ವಾಮ್ಗಳು ಊರೂರು ಸುತ್ತಿ ಭಿಕ್ಷೆ ಎತ್ತಿ ತಂದಿದ್ದು. ನೂರಾರು ಹುಡುಗ್ರು ಉಂತಿದ್ವಿ. ಭಿಕ್ಷದ್ದು ಅಂತ ನಮಗ್ಯಾರ್ಗೂ ಒಂದಿನ ನಾಚ್ಕೆ ಆಗ್ಲಿಲ್ಲ. ನೀನು ನಿನ್ ಹೊಟ್ಟೆಗ್ ಕೇಳ್ತಿದೀಯೇನು?’

ಅಪ್ಪ ಮತ್ತೇನೂ ಹೇಳಲಿಲ್ಲ, ಮೊಸರನ್ನಕ್ಕೆ ಉಪ್ಪಿನಕಾಯಿ ಕೇಳಿದರು. ನನಗೆ ಅಷ್ಟು ಸಾಕಾಯಿತು. ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ದೊಡ್ಡ ಕೆಲಸಗಳೆಲ್ಲ ಆದದ್ದೇ ಜೋಳಿಗೆಯಿಂದ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿದ್ದು ದುಡ್ಡಿಗಲ್ಲ, ಜನರ ಕುಡಿತ ತಂಬಾಕಿನ ಚಟಗಳನ್ನು ಭಿಕ್ಷೆಯಾಗಿ ಹಾಕಿಸಿಕೊಳ್ಳಲು. ಹಾಂಗ್‌ಕಾಂಗಿನ ಗೂರ್ಖಾಗಳಿಗಿಂತ ಎಷ್ಟೋ ಮೊದಲೇ ನಮ್ಮ ಜಂಗಮರು ನಡೆದು ಕೇಳಿ ಮಠ ಮಾಡಿದ್ದಾರೆ, ಶಾಲೆ ನಡೆಸಿದ್ದಾರೆ. ತಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ‘ಅವರಿಗೆ ಟೀ ಶರ್ಟ್ ಕೊಟ್ಟಿದ್ರಾ ಅಕ್ಕಾ?’ ಅಂದ.

ರಾಯದುರ್ಗಕ್ಕೆ ವಾಪಸ್ ಬಂದವಳು ಯಜಮಾನರಿಗೆ ಒಂದು ಮಾತು ಹೇಳಿದೆ: ನಿಮಗೆ ಬಾಕಿ ಇರುವ ಅಂಗಡಿಗಳಿಗೆ ನಾನು ಹೋಗುವುದಿಲ್ಲ, ಉಳಿದ ಊರು ನನ್ನದು. ಅವರು ಉತ್ತರ ಕೊಡದೆ ಯೂನಿಟ್ಟಿಗೆ ಹೋದರು. ಎರಡು ದಿನ ಬಿಟ್ಟು ರಾತ್ರಿ ಮನೆಗೆ ಬರುವಾಗ ಕೈಯಲ್ಲೊಂದು ಚೀಲ. ಜೀನ್ಸಿನ ಉಳಿದ ತುಂಡುಗಳನ್ನು ಜೋಡಿಸಿ ಹೊಲಿದ ಜೋಳಿಗೆ. ಬೇರೆ ಬೇರೆ ನೀಲಿಯ ತುಂಡುಗಳು, ಅಂಚಿಗೆ ಜೀನ್ಸಿಗೆ ಹಾಕುವ ಅದೇ ದಪ್ಪ ಹಳದಿ ದಾರದ ಜೋಡಿ ಹೊಲಿಗೆ, ಬಾಯಿಗೆ ಹಿತ್ತಾಳೆ ಜಿಪ್ಪು, ಭುಜಕ್ಕೆ ಹಾಕುವ ಪಟ್ಟಿಗೆ ಸೊಂಟದ ಬೆಲ್ಟಿನ ಲೂಪುಗಳು. ಭಾರ ತಡೆಯಲೆಂದು ತಳಕ್ಕೆ ಎರಡು ಪದರ. ಹೊಸ ಬಟ್ಟೆಯ ಬಣ್ಣ ಇನ್ನೂ ಬಿಡುತ್ತಿತ್ತು, ಹಿಡಿದ ಬೆರಳು ನೀಲಿಯಾಯಿತು. ಅವರ ಬೆರಳುಗಳು ಮದುವೆಯಾದಾಗಿನಿಂದ ಅದೇ ಬಣ್ಣ. ‘ಜಿಪ್ಪು ಗಟ್ಟಿದು ಹಾಕೀನಿ, ಚಿಲ್ಲರೆ ಬೀಳಂಗಿಲ್ಲ’ ಅಂದರು. ಒಪ್ಪಿಗೆ ಎಂದರೆ ನಮ್ಮ ಮನೆಯಲ್ಲಿ ಇಷ್ಟೇ.

ಕಾರ್ತಿಕ ಮುಗಿಯುವವರೆಗೆ ಸಂಜೆಯ ನಡಿಗೆಗಳೆಲ್ಲ ಜೋಳಿಗೆಯ ನಡಿಗೆಗಳಾದವು. ಮೊದಲ ಅಂಗಡಿಯ ಮುಂದೆ ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ, ಜೊತೆಗಿದ್ದ ಮಗಳೇ ವಿಷಯ ಹೇಳಿದಳು. ಆಮೇಲಾಮೇಲೆ ಪಾಠ ಮಾಡುವ ದನಿಯಲ್ಲೇ ಕೇಳತೊಡಗಿದೆ. ಎರಡು ವಾಕ್ಯ ಸಾಕು: ಚಿಕಿತ್ಸೆ ಕಿದ್ವಾಯಿಯಲ್ಲಿ ಆಗುತ್ತದೆ, ನಾವು ಕೇಳುತ್ತಿರುವುದು ಬಸ್ ಚಾರ್ಜು ಮತ್ತು ಊಟಕ್ಕೆ. ಕ್ಯಾನ್ಸರಿಗೆ ಅಂದರೆ ಜನ ಹಿಂಜರಿಯುತ್ತಿದ್ದರು, ಲಕ್ಷಗಟ್ಟಲೆ ಖರ್ಚಿಗೆ ನನ್ನ ಹತ್ತು ರೂಪಾಯಿ ಯಾವ ಲೆಕ್ಕ ಎಂದು. ಬಸ್ ಚಾರ್ಜು ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಕೈ ತಾನೇ ಜೇಬಿಗೆ ಹೋಗುತ್ತಿತ್ತು. ಯಜಮಾನರು ಹೆದರಿದ್ದ ದಾರದ ಅಂಗಡಿಯವರು ಸುದ್ದಿ ಕೇಳಿ ತಾವೇ ಮನೆಗೆ ಕಳಿಸಿದರು. ಮೆಷಿನ್ನಿನ ಮೇಲೆ ಕೂತ ಹೆಣ್ಣುಮಕ್ಕಳು ಪೀಸಿನ ಲೆಕ್ಕದಲ್ಲಿ ಕೊಟ್ಟರು, ಒಬ್ಬಳು ‘ಇವತ್ತಿನ ಎರಡು ಪ್ಯಾಂಟು ನಿಮ್ಮವು’ ಅಂದಳು. ಹೆಚ್ಚು ಕೊಡುತ್ತಾರೆಂದು ನಾವು ಎಣಿಸಿದ್ದ ದೊಡ್ಡ ಮನೆಗಳಲ್ಲಿ ಕಾಫಿ ಚೆನ್ನಾಗಿತ್ತು.

ಆ ನವೆಂಬರಿನಲ್ಲಿ ಶಾಲೆಯಲ್ಲಿ ಬೇರೆಯೇ ಗದ್ದಲ. ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮ ಮಾಡುವ ಆದೇಶ ಬಂದಿತ್ತು, ಕನ್ನಡ ಮಾಧ್ಯಮದ ಗತಿಯೇನು ಎಂದು ಸ್ಟಾಫ್ ರೂಮಿನಲ್ಲಿ ದಿನವೂ ಚರ್ಚೆ. ಮನೆಯಲ್ಲಿ ಮಗನ ಪರೀಕ್ಷೆ. ಒಂದು ವಾರ ಮಗಳಿಗೆ ಜ್ವರ ಬಂದು ನಡಿಗೆ ಪೂರ್ತಿ ನಿಂತಿತು. ಮತ್ತೆ ಶುರುಮಾಡಿದಾಗ ಕಾಲು ಏನನ್ನೂ ಮರೆತಿರಲಿಲ್ಲ. ಒಂದು ಭಾನುವಾರ ದರ್ಗಾ ಹೊನ್ನೂರಿನ ಮರಳಿನಲ್ಲೂ ನಡೆದೆವು. ವೇದಾವತಿಯ ಮರಳನ್ನು ಗಾಳಿ ಹೊತ್ತು ತಂದು ಹೊಲಗಳ ಮೇಲೆ ದಿಬ್ಬ ದಿಬ್ಬ ಸುರಿದಿರುವ ಜಾಗ ಅದು, ಫೋಟೋದಲ್ಲಿ ತೋರಿಸಿದರೆ ರಾಜಸ್ಥಾನ ಅನ್ನುತ್ತಾರೆ. ಅಲ್ಲಿ ಒಂದು ಕಿಲೋಮೀಟರಿಗೆ ಬರುವ ಸುಸ್ತು ಟಾರು ರಸ್ತೆಯ ಮೂರಕ್ಕೂ ಬರುವುದಿಲ್ಲ.

ಹೊರಟದ್ದು 2020ರ ಸಂಕ್ರಾಂತಿ ರಜೆಯಲ್ಲಿ. ಆಂಧ್ರದಲ್ಲಿ ಆ ಹಬ್ಬಕ್ಕೆ ರಜೆ ಧಾರಾಳ, ಚಳಿಯೂ ಇನ್ನೂ ಉಳಿದಿರುತ್ತದೆ. ಮೊದಲ ದಿನ ಡಿ. ಹಿರೇಹಾಳಿನವರೆಗೆ, ರಾತ್ರಿ ಅಲ್ಲೇ ಪರಿಚಯದವರ ಮನೆ, ಮರುದಿನ ಬಳ್ಳಾರಿ. ನಡೆದದ್ದರ ಬಗ್ಗೆ ಹೇಳುವುದು ಕಡಿಮೆ. ಅಭ್ಯಾ‌ಸ ಮಾಡಿದ್ದ ಕಾಲು ಅದರ ಪಾಡಿಗೆ ಅದು ನಡೆಯಿತು. ಎರಡನೆಯ ದಿನ ಹಿಮ್ಮಡಿಯ ಮೇಲೊಂದು ಗುಳ್ಳೆ, ಅಷ್ಟೇ. ಓಬಳಾಪುರದ ಹತ್ತಿರ ದಾರಿಯ ಪಕ್ಕದ ಗುಡ್ಡಗಳು ಅರ್ಧಕ್ಕೆ ಕೊಯ್ದಂತೆ ಕೆಂಪಗೆ ನಿಂತಿದ್ದವು. ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಈ ರಸ್ತೆಯಲ್ಲಿ ನಡೆಯುವುದಿರಲಿ, ಬಸ್ಸಿನ ಕಿಟಕಿ ತೆಗೆಯಲೂ ಆಗುತ್ತಿರಲಿಲ್ಲ. ಎರಡು ರಾಜ್ಯಗಳ ನಡುವಿನ ಗಡಿ ಕಲ್ಲುಗಳೇ ಮಾಯವಾದ ಜಾಗವಿದು. ನಾವು ಯಾವ ಹೆಜ್ಜೆಗೆ ಆಂಧ್ರ ಬಿಟ್ಟೆವು, ಯಾವ ಹೆಜ್ಜೆಗೆ ಕರ್ನಾಟಕ ಸೇರಿದೆವು ಎಂದು ಮಗಳು ಕೇಳಿದಳು. ಬೋರ್ಡು ನೋಡಿ ಹೇಳಬೇಕಾಯಿತು.

ದಾರಿಯಲ್ಲಿ ಒಂದು ಹಳ್ಳಿಯ ಕಟ್ಟೆಯ ಮೇಲೆ ಸೇಂಗಾ ಸುಲಿಯುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ನಿಲ್ಲಿಸಿದಳು. ಯಾಕೆ ಏನು ಎಂದೆಲ್ಲ ವಿಚಾರಿಸಿದಳು. ಕೈಯಲ್ಲಿ ದುಡ್ಡಿಲ್ಲ ಅಂದಳು. ಬೇಡಜ್ಜಿ, ಆಶೀರ್ವಾದ ಮಾಡು ಸಾಕು ಎಂದು ನಮ್ಮಲ್ಲೊಬ್ಬರು ಹೊರಡಲು ನೋಡಿದರು. ಅಜ್ಜಿಗೆ ಸಿಟ್ಟು ಬಂತು. ‘ಯಾಕ, ನನ್ನ ಸೇಂಗಾ ನಡ್ಯಂಗಿಲ್ಲೇನು?’ ಅಂದವಳೇ ಮೊರದಿಂದ ಬೊಗಸೆ ತುಂಬಿ ಸುರಿದಳು. ನೋಡುತ್ತಿದ್ದ ಪಕ್ಕದ ಮನೆಯವರೂ ತಂದು ಹಾಕಿದರು. ಮುಂದಿನ ಹಳ್ಳಿಗೆ ಫೋನು ಹೋಗಿತ್ತೋ ಏನೋ, ಅಲ್ಲಿಯೂ ಸೇಂಗಾ, ಒಂದಷ್ಟು ಜೋಳ. ಆ ವರ್ಷದ ಬೆಳೆ ಅಷ್ಟೇನೂ ಚೆನ್ನಾಗಿರಲಿಲ್ಲ, ನಮ್ಮ ಜಿಲ್ಲೆಗೆ ಬೀಳುವ ಮಳೆಯೇ ವರ್ಷಕ್ಕೆ 550 ಮಿ.ಮೀ. ಆಸುಪಾಸು. ಜೋಳಿಗೆಯ ಎರಡು ಪದರದ ತಳ ಕೆಲಸಕ್ಕೆ ಬಂದದ್ದು ಆಗಲೇ. ಹೊರಲಾರದೆ ಒಂದು ಆಟೋದಲ್ಲಿ ಚೀಲ ಹಾಕಿ ಕಳಿಸಿದೆವು. ಬಳ್ಳಾರಿಯಲ್ಲಿ ಮಾರಿದಾಗ ಬಂದ ದುಡ್ಡು ಒಬ್ಬ ರೋಗಿಯ ಹೋಗಿಬರುವ ಖರ್ಚಿಗೆ ಧಾರಾಳವಾಯಿತು.

ಬಳ್ಳಾರಿಯಲ್ಲಿ ನಮ್ಮನ್ನು ಕಾದು ನಿಂತವರು ಬೇರಾರೂ ಇರಲಿಲ್ಲ. ಅಡುಗೆ ಅಕ್ಕ ಇದ್ದಳು, ತಪಾಸಣೆಗೆಂದು ಬಂದವಳು ಹಾಗೇ ಉಳಿದಿದ್ದಳು. ಕೂದಲು ಉದುರಿರಲಿಲ್ಲ, ತೂಕ ಇಳಿದಿತ್ತು. ಹೋಟೆಲಿಗೆ ಕರೆದುಕೊಂಡು ಹೋದೆವು. ಸಾಂಬಾರಿನ ರುಚಿ ನೋಡಿ ಇದಕ್ಕೆ ಬೇಳೆಯನ್ನೇ ಹಾಕಿಲ್ಲ ಎಂದು ಮುಖ ಸಿಂಡರಿಸಿದಳು. ಊಟ ಮುಗಿಸಿ ಎಲ್ಲರೂ ಪ್ಯಾಸೆಂಜರ್ ರೈಲು ಹತ್ತಿ ರಾಯದುರ್ಗಕ್ಕೆ ಬಂದೆವು. ಎರಡು ದಿನ ನಡೆದ ದಾರಿ ಕಿಟಕಿಯಲ್ಲಿ ಸರಸರನೆ ಹಿಂದೆ ಹೋಯಿತು.

ಒಟ್ಟಾದದ್ದು ಲಕ್ಷದ ಹತ್ತಿರ. ಪೋಸ್ಟಾಫೀಸಿನಲ್ಲಿ ಜಂಟಿ ಖಾತೆ ತೆರೆದು ಇಟ್ಟೆವು. ಯಾರಿಗೆ ಯಾವ ತಾರೀಖು ಎಷ್ಟು ಕೊಟ್ಟೆವೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ, ಕೊಟ್ಟವರು ಯಾರು ಬಂದು ಕೇಳಿದರೂ ತೋರಿಸುತ್ತೇವೆ. ಆದರೆ ಬಸ್ ಚಾರ್ಜಿಗೆಂದು ಎತ್ತಿದ ದುಡ್ಡು ಬಸ್ಸಿಗೆ ಹೋಗಲಿಲ್ಲ. ಎರಡೇ ತಿಂಗಳಲ್ಲಿ, ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಬಸ್ಸು ರೈಲು ನಿಂತವು, ರಾಜ್ಯದ ಗಡಿಗೆ ಬ್ಯಾರಿಕೇಡ್ ಬಿತ್ತು. ಚಿಕಿತ್ಸೆಯ ನಡುವಿದ್ದವರಿಗೆ ಪಾಸು ಮಾಡಿಸಿ ಬಾಡಿಗೆ ಕಾರಿನಲ್ಲಿ ಕಳಿಸಬೇಕಾಯಿತು, ದುಡ್ಡಿನ ಬಹುಪಾಲು ಅದಕ್ಕೇ ಆಯಿತು. ಅದಿಲ್ಲದಿದ್ದರೆ ಆ ಬೇಸಿಗೆಯಲ್ಲಿ ಅವರು ಮನೆಯಲ್ಲೇ ಉಳಿಯುತ್ತಿದ್ದರು.

ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಒಮ್ಮೆ ಕೇಳಿ ನೋಡಿ. ದೂರದ ಆಸ್ಪತ್ರೆಗೆ ವಾರಗಟ್ಟಲೆ ಹೋಗಬೇಕಾದವರು, ಅರ್ಧಕ್ಕೆ ಬಿಟ್ಟು ಬಂದವರು ಯಾರಿದ್ದಾರೆಂದು ಅವರಿಗೆ ಗೊತ್ತಿರುತ್ತದೆ. ಲಕ್ಷಗಳೇನೂ ಬೇಡ, ಒಬ್ಬರ ಬಸ್ ಚಾರ್ಜು ಮತ್ತು ಜೊತೆಗೆ ಹೋಗುವವರ ಊಟದ ಖರ್ಚು ನೋಡಿಕೊಳ್ಳಿ. ಅದೂ ಕೈಯಲ್ಲಿಲ್ಲದಿದ್ದರೆ ಅವರ ಪರವಾಗಿ ನಾಲ್ಕು ಮನೆ ಕೇಳಿ. ರೋಗಿ ತಾನೇ ಹೋಗಿ ಕೇಳುವಂತೆ ಮಾಡಬೇಡಿ.